ತೊಳೆದು ಕೊಟ್ಟ ಬೋಗುಣಿಗಳು

ನಮ್ಮ ಮೇಷ್ಟ್ರು ನಗುವುದಕ್ಕೆ ಮೊದಲು ಮೂಗಿನಿಂದ ಒಂದಿಷ್ಟು ಗಾಳಿ ಬಿಡುತ್ತಾರೆ. ಕುಕ್ಕರ್ ಕೂಗುವ ಮುಂಚೆ ಸ್ಸ್ ಅನ್ನುತ್ತದಲ್ಲ, ಹಾಗೆ. ಅಣಕಿಸುವವನು ಅದನ್ನು ಹಿಡಿದರೆ ಮೇಷ್ಟ್ರನ್ನು ಅರ್ಧ ಹಿಡಿದಂತೆ. ಇನ್ನರ್ಧ ಇರುವುದು ಮಾತಿನ ಕೊನೆಯಲ್ಲಿ ಅವರು ಎಳೆಯುವ "ಅಲ್ವೇನಪ್ಪಾ"ದಲ್ಲಿ. ಪರಿಸರ ವಿಜ್ಞಾನದ ಎಂ.ಎಸ್ಸಿ. ಸೇರಿದ ಮೊದಲ ಕೆಲವು ವಾರಗಳಲ್ಲೇ ನಾನು ಅವೆರಡನ್ನೂ ಹಿಡಿದಿದ್ದೆ. ಪಾಠ ಮಾತ್ರ ಒಂದೂ ಹಿಡಿದಿರಲಿಲ್ಲ. ಬೆಂಗಳೂರಿನ ನಮ್ಮ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಸಾರು ಬಡಿಸುವಷ್ಟರಲ್ಲಿ ಯಾರಾದರೊಬ್ಬರು "ಸರ್ ಮಾಡೋ, ಸರ್ ಮಾಡೋ" ಎಂದು ಶುರು ಮಾಡುತ್ತಿದ್ದರು. ಮಾಡುತ್ತಿದ್ದೆ. ವಾರ್ಡನ್ನರನ್ನು ಮಾಡುತ್ತಿದ್ದೆ, ಅಡಿಗೆಯವರನ್ನು ಮಾಡುತ್ತಿದ್ದೆ, ಊರಿನಿಂದ ಫೋನ್ ಮಾಡಿ "ಉಂಡ್ಯೇನೋ" ಎಂದು ಕೇಳುವ ನಮ್ಮವ್ವನನ್ನೂ ಬಿಟ್ಟಿರಲಿಲ್ಲ. ಯಾರೂ ಸಿಗದ ದಿನ ನನ್ನನ್ನೇ ಮಾಡುತ್ತಿದ್ದೆ: ವೈವಾದಲ್ಲಿ ಉತ್ತರ ಗೊತ್ತಿಲ್ಲದೆ, ಕೊಳೆಯಾಗದ ಕನ್ನಡಕವನ್ನು ಒರೆಸುತ್ತ ನಿಲ್ಲುವ ದಾವಣಗೆರೆ ಕಡೆಯ ಹುಡುಗ.

ಬೇಸಿಗೆ ರಜೆಗೆ ಮುಂಚೆ ಮೇಷ್ಟ್ರು ತಮ್ಮ ಕೋಣೆಗೆ ಕರೆಸಿದರು.

"ನಿನಗೆ ನನ್ನ ದನಿ ಚೆನ್ನಾಗಿ ಬರುತ್ತಂತೆ," ಎಂದರು.

ನಾನು ಕನ್ನಡಕ ಒರೆಸತೊಡಗಿದೆ.

"ಬರಲಿ, ಅದೂ ಒಂದು ವಿದ್ಯೆ. ಆದರೆ ನಿನ್ನನ್ನ ಈ ಡಿಪಾರ್ಟ್‌ಮೆಂಟಲ್ಲಿ ಯಾರೂ ಗಂಭೀರವಾಗಿ ತಗೊಂಡಿಲ್ಲ. ನಾನೂ ತಗೊಂಡಿಲ್ಲ, ಅಲ್ವೇನಪ್ಪಾ. ಮುಂದಿನ ವರ್ಷದ ಪ್ರಾಜೆಕ್ಟಿಗೆ ನನ್ನ ಲ್ಯಾಬಲ್ಲಿ ಇರೋದು ಒಂದೇ ಜಾಗ. ಇಬ್ಬರು ಕೇಳ್ತಿದ್ದೀರಿ. ಈ ಬೇಸಿಗೇಲಿ ಯಾರು ಏನು ತರ್ತೀರೋ ನೋಡಿ ಕೊಡ್ತೀನಿ."

ಇನ್ನೊಬ್ಬ ನನ್ನ ಸಹಪಾಠಿ. ನನ್ನ ಯಾವ ಅಣಕಿಗೂ ನಗದವನು. ಅದಕ್ಕೇ ಅವನ ಮೇಲೆ ನನಗೆ ಸ್ವಲ್ಪ ಭಯ. ಅವನ ಪಾಲಿಗೆ ಬೆಂಗಳೂರಿನದೇ ಒಂದು ಕೆರೆಯ ನೀರು ಬಂತು, ನನ್ನ ಪಾಲಿಗೆ ಕೆಜಿಎಫ್‌ನ ಧೂಳು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಲ್ಲನ್ನು ಹಿಟ್ಟು ಮಾಡಿ, ಸೈನೇಡ್ ಹಾಕಿ ಚಿನ್ನ ತೆಗೆದುಕೊಂಡು, ಮಿಕ್ಕ ಮರಳನ್ನು ಸುರಿದ ಗುಡ್ಡಗಳು ಅಲ್ಲಿವೆ. ಊರಿನವರು ಅವುಗಳನ್ನು ಸೈನೇಡ್ ದಿಬ್ಬ ಎನ್ನುತ್ತಾರೆ. ಬೇಸಿಗೆಯ ಗಾಳಿಗೆ ದಿಬ್ಬದ ಪುಡಿ ಎದ್ದು ಅಲ್ಲಿಯ ಊರಿಗಾಂನ ಮನೆಗಳ ಮೇಲೆ ಬೀಳುತ್ತದೆ. ಒಂದು ತಿಂಗಳಲ್ಲಿ ಎಷ್ಟು ಬೀಳುತ್ತದೆ, ದಿಬ್ಬಕ್ಕೆ ಹತ್ತಿರದ ಮನೆಗೆಷ್ಟು, ದೂರದ ಮನೆಗೆಷ್ಟು? ನಾನು ಉತ್ತರ ತರಬೇಕಾಗಿದ್ದದ್ದು ಈ ಒಂದು ಪ್ರಶ್ನೆಗೆ.

ಧೂಳು ಹಿಡಿಯುವ ವಿಧಾನವೂ ಮೇಷ್ಟ್ರು ಹೇಳಿದಾಗ ಸುಲಭವಾಗಿತ್ತು. ಅಗಲ ಬಾಯಿಯ ಪಾತ್ರೆಯೊಂದನ್ನು ಎತ್ತರದಲ್ಲಿಟ್ಟು, ತಳದಲ್ಲಿ ಗಾಜಿನ ಗೋಲಿ ಹರಡುವುದು. ಬಿದ್ದ ಧೂಳು ಗೋಲಿಗಳ ಸಂದಿಗೆ ಇಳಿದು ಕೂತರೆ ಮತ್ತೆ ಗಾಳಿಗೆ ಏಳುವುದಿಲ್ಲ. ತಿಂಗಳಾದ ಮೇಲೆ ಶುದ್ಧ ನೀರಿನಲ್ಲಿ ಅದನ್ನು ಇಳಿಸಿ, ಸೋಸಿ, ಒಣಗಿಸಿ, ತೂಗುವುದು. ಡಿಪಾರ್ಟ್‌ಮೆಂಟಿನ ಗಾಜಿನ ಜಾಡಿಗಳನ್ನು ನನ್ನ ಕೈಗೆ ಕೊಡಲು ಯಾರಿಗೂ ಧೈರ್ಯವಿರಲಿಲ್ಲ. ಕೆಜಿಎಫ್‌ಗೆ ರೈಲು ಬದಲಿಸುವ ಬಂಗಾರಪೇಟೆಯ ಪೇಟೆಬೀದಿಯಲ್ಲಿ ಒಂದು ಡಜನ್ ಸ್ಟೀಲ್ ಬೋಗುಣಿ ಕೊಂಡೆ.

ಪಾತ್ರೆ ಅಂಗಡಿಯವರು ಹೆಸರು ಕೊರೆಯುವ ಮೆಷಿನ್ ಕೈಗೆತ್ತಿಕೊಂಡು ಕೇಳಿದರು: "ಏನಂತ ಆಕ್ಲಿ? ಹುಡುಗಿ ಹೆಸರಾ, ಹುಡುಗನ್ ಹೆಸರಾ? ಮದುವೆ ಯಾವಾಗ?"

"ಹೆಸರು ಬೇಡ ಸರ್. ಒಂದು, ಎರಡು, ಮೂರು ಅಂತ ಹಾಕಿ."

"ಹನ್ನೆರಡು ಮದುವೇನಾ?" ಎಂದು ಅವರು ಗುಂಡಿ ಒತ್ತಿದರು. ಮೆಷಿನ್ನಿನ ಗಿರ್ರ್ ಸದ್ದನ್ನೂ ಅವರ ಪ್ರಶ್ನೆಯನ್ನೂ ಅಲ್ಲೇ ನಿಂತು ಮನಸ್ಸಿನಲ್ಲಿ ಕಲಿತೆ. ಸಂಜೆ ಮೆಸ್ಸಿನಲ್ಲಿ ಮಾಡಿ ತೋರಿಸಬೇಕು ಅಂದುಕೊಂಡ ಮೇಲೆ ನೆನಪಾಯಿತು, ಸಂಜೆ ಮೆಸ್ಸಿಲ್ಲ. ಅಲ್ಲಿಂದ ಗೋಲಿ ಕೊಳ್ಳಲು ಹೋದೆ. ಮೀಸೆ ಬಂದವನು ಕೆ.ಜಿ. ಲೆಕ್ಕದಲ್ಲಿ ಗೋಲಿ ಕೇಳಿದಾಗ ಅಂಗಡಿಯಾಕೆ ಏನೂ ಕೇಳದೆ, ಬಹಳ ಮರುಕದಿಂದ ತೂಗಿ ಕೊಟ್ಟರು.

ಬಂಗಾರಪೇಟೆಯಲ್ಲೇ, ಚಾಟ್ ಗಾಡಿ ನಿಲ್ಲುವ ಮೂಲೆಯ ಮೇಲಿನ ಮಹಡಿಯಲ್ಲಿ, ಒಂದು ಕೋಣೆ ಹಿಡಿದಿದ್ದೆ. ಸಂಜೆಯಾದರೆ ಕೆಳಗೆ ಪಾನಿಪುರಿಗೆ ಜನ ಮುತ್ತುತ್ತಿದ್ದರು. ಈ ಊರಿನ ಪಾನಿ ನೋಡಲು ಬರೀ ನೀರಿನ ಹಾಗೆ ತಿಳಿಯಾಗಿರುತ್ತದೆ, ಬಾಯಿಗೆ ಬಿದ್ದಾಗ ಕಣ್ಣಲ್ಲಿ ನೀರು ತರಿಸುತ್ತದೆ. ಜನ ಗುಂಪುಗುಂಪಾಗಿ ನಿಂತು, ಮೂಗು ಸೀಟಿಕೊಂಡು, ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ನಾನೂ ಇಳಿದು ಹೋಗಿ ತಿನ್ನುತ್ತಿದ್ದೆ. ಪಾನಿಪುರಿಯನ್ನು ಒಬ್ಬನೇ ನಿಂತು ತಿನ್ನಬಾರದು. ಬಾಯಿ ತುಂಬಿಕೊಂಡು ನಗಲು ಎದುರಿಗೆ ಯಾರಾದರೂ ಬೇಕು. ಇಲ್ಲವಾದರೆ ಕಣ್ಣೀರು ಸುರಿಸುತ್ತ ನಿಂತವನನ್ನು ಜನ ಬೇರೆ ತರಹ ನೋಡುತ್ತಾರೆ.

ಬೆಳಿಗ್ಗೆಯದು ಇನ್ನೊಂದು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಆ ಹೊತ್ತಿಗೆ ಊರಿಗೆ ಊರೇ ಬೆಂಗಳೂರಿನ ರೈಲಿಗೆ ಕಾಯುತ್ತಿರುತ್ತದೆ. ಟಿಫಿನ್ ಡಬ್ಬಿ, ಕುತ್ತಿಗೆಗೆ ಐಡಿ ಕಾರ್ಡು, ಹೂ ಮುಡಿದ ಗಾರ್ಮೆಂಟ್ಸಿನ ಹೆಂಗಸರು, ನಿಂತಲ್ಲೇ ಇಸ್ಪೀಟಿಗೆ ಜೊತೆ ಹುಡುಕುವ ಗಂಡಸರು. ಮೂರು ಭಾಷೆ ಒಂದೇ ವಾಕ್ಯದಲ್ಲಿ ಬರುತ್ತದೆ. "ಏಂ ರಾ, ನಿನ್ನೆ ಯಾಕ್ ಬರ್ಲಿಲ್ಲ, ಉಡಂಬು ಸರಿ ಇಲ್ವಾ?" ಎಂದು ಒಬ್ಬ ಕೇಳಿದರೆ ತೆಲುಗಿನಲ್ಲಿ ಕರೆದು, ಕನ್ನಡದಲ್ಲಿ ಬೈದು, ತಮಿಳಿನಲ್ಲಿ ಮೈ ವಿಚಾರಿಸಿದಂತೆ. ಅಣಕಿಸುವವನಿಗೆ ಹಬ್ಬದೂಟ. ಆದರೆ ರೈಲು ಬಂದು ಅವರೆಲ್ಲರನ್ನೂ ಗುಡಿಸಿಕೊಂಡು ಹೋದ ಮೇಲೆ, ಎದುರು ದಿಕ್ಕಿಗೆ ಹೋಗುವ ನನ್ನ ರೈಲಿಗೆ ಕಾಯುವವರು ನಾನು, ಒಂದಿಷ್ಟು ಸೊಪ್ಪಿನ ಮೂಟೆ, ಒಂದು ನಾಯಿ. ನಾಯಿ ಹತ್ತುತ್ತಿರಲಿಲ್ಲ.

ಊರಿಗಾಂನಲ್ಲಿ ಗಣಿ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳಿವೆ, ಅಲ್ಲಿಯವರ ಮಾತಿನಲ್ಲಿ ಲೈನು. ದಿಬ್ಬದ ಬುಡದಿಂದ ಶುರುವಾಗಿ ದೂರ ಹೋಗುವ ಒಂದು ಲೈನನ್ನು ಆರಿಸಿಕೊಂಡೆ. ಮೊದಲ ದಿನ ಬೋಗುಣಿ ಚೀಲ ಹೊತ್ತು ನಿಂತಾಗ ಬಾಗಿಲಿಗೆ ಬಂದವರು ಒಬ್ಬರು ಅಜ್ಜಿ. ಮನೆಯೊಳಗಿನ ಮಾತು ತಮಿಳು, ಹೊರಗಿನವರ ಜೊತೆ ಕನ್ನಡ.

"ವಾ ಕಣ್ಣು, ಬಾ. ಬಿಸ್ಲಲ್ಲಿ ಯಾಕ್ ನಿಂತ್ಕೊಂಡೆ? ಪಾತ್ರೆ ಯಾಪಾರನಾ? ಹಳೇ ಬಟ್ಟೆಗೆ ಕೊಡ್ತೀಯಾ?"

"ವ್ಯಾಪಾರವಲ್ಲ ಅಜ್ಜಿ. ಇದನ್ನು ನಿಮ್ಮ ಗೋಡೆಯ ಮೇಲೆ ಇಡಬೇಕು. ಮೇಲಿನಿಂದ ಬೀಳುವ ಧೂಳನ್ನು ಅಳೆಯುತ್ತೇವೆ."

ಪಕ್ಕದ ಮನೆಯಿಂದ ಒಬ್ಬ ಅಕ್ಕ ಅಕ್ಕಿ ಆರಿಸುವ ಮೊರದ ಸಮೇತ ಹೊರಗೆ ಬಂದರು. ಕ್ಯಾಸಂಬಳ್ಳಿಯ ಕಡೆಯಿಂದ ಈ ಲೈನಿಗೆ ಮದುವೆಯಾಗಿ ಬಂದವರೆಂದು ಆಮೇಲೆ ತಿಳಿಯಿತು. "ಧೂಳು ಬೇಕಾ? ಲೇ ತಮ್ಮ, ನಮ್ಮನೆ ಮಂಚದ್ ಕೆಳಗೆ ಬೇಕಾದಷ್ಟೈತೆ, ಬಾ, ಗುಡಿಸ್ಕೊಂಡು ಓಗು."

"ಅದಲ್ಲ ಅಕ್ಕ. ಮೇಲಿನಿಂದ ತಾನಾಗಿ ಬೀಳುವುದು ಬೇಕು."

"ಬುಕ್ಕು ಓದ್ದಂಗೆ ಮಾತಾಡ್ತಾನಲ್ಲಪ್ಪ ಇವ್ನು! ಆಯ್ತು, ಮಡಗು. ನಿನ್ ಬೋಗುಣಿ ಯಾರ್ ಕದೀತಾರೆ."

ನಾನು ಮೇಷ್ಟ್ರ ದನಿಯನ್ನು ಸ್ವಲ್ಪ ಎರವಲು ತೆಗೆದುಕೊಂಡು, ಗಂಭೀರವಾಗಿ, ಎಲ್ಲರಿಗೂ ಹೇಳಿದೆ: "ಒಂದು ತಿಂಗಳು ಇದನ್ನು ಯಾರೂ ಮುಟ್ಟಬಾರದು. ತಿಂಗಳಾದ ಮೇಲೆ ನಾನೇ ಬಂದು ವಾಪಸ್ ತೆಗೆದುಕೊಂಡು ಹೋಗುತ್ತೇನೆ." ಯಾಕೆ ಅಳೆಯುತ್ತಿದ್ದೇನೆ, ಅಳೆದ ಮೇಲೆ ಯಾರಿಗೆ ಹೇಳುತ್ತೇನೆ ಎಂದು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಹನ್ನೆರಡು ಮನೆಯ ಗೋಡೆಗಳ ಮೇಲೆ ತಂತಿ ಬಿಗಿದು ಬೋಗುಣಿ ಕೂರಿಸಿದೆ.

ಆಮೇಲೆ ತಿಂಗಳಿಡೀ ನನಗಿದ್ದ ಕೆಲಸ ಗಾಳಿ ಅಳೆಯುವುದು. ದಿಬ್ಬಕ್ಕೂ ಲೈನಿಗೂ ನಡುವೆ ಒಂದು ಬಯಲಿದೆ. ಅಲ್ಲಿ ಒಂದು ಜಾಲಿಮರದ ಕೆಳಗೆ ಕೂತು ಕೈಯಲ್ಲಿ ಹಿಡಿಯುವ ಸಣ್ಣ ಫ್ಯಾನಿನಂಥ ಉಪಕರಣವನ್ನು ಗಾಳಿಗೆ ಒಡ್ಡಿ, ವೇಗ ಬರೆದುಕೊಂಡು, ದಿಕ್ಕು ಬರೆದುಕೊಂಡು, ಮತ್ತೆ ಸುಮ್ಮನೆ ಕೂರಬೇಕು. ದಿಬ್ಬ ಬೆಳ್ಳಗೆ, ಮೇಲೆ ಒಂದಿಷ್ಟು ಮುಳ್ಳು ಪೊದೆ. ಮಧ್ಯಾಹ್ನದ ಹೊತ್ತಿಗೆ ಅದರ ನೆತ್ತಿಯಿಂದ ಹೊಗೆಯಂತೆ ಪುಡಿ ಏಳುತ್ತಿತ್ತು. ಲೈನಿನ ಹೆಂಗಸರು ಒಬ್ಬೊಬ್ಬರೇ ಬಂದು ಹಗ್ಗದ ಮೇಲಿನ ಬಟ್ಟೆ ಒಳಗೆ ಒಯ್ಯುತ್ತಿದ್ದರು, ಕುಡಿಯುವ ನೀರಿನ ಕೊಡಕ್ಕೆ ಬಟ್ಟೆ ಕಟ್ಟುತ್ತಿದ್ದರು, ಗಾಳಿ ನಿಂತ ಮೇಲೆ ಮತ್ತೆ ಬಂದು ಹೊಸ್ತಿಲು ಗುಡಿಸುತ್ತಿದ್ದರು. ದಿನಕ್ಕೆ ಎಷ್ಟು ಸಲ ಗುಡಿಸುತ್ತಾರೆ ಎಂದು ನಾನು ಎಣಿಸಲಿಲ್ಲ. ಅದು ನನ್ನ ಪ್ರಶ್ನೆಯಾಗಿರಲಿಲ್ಲ.

ಮಾತಿಗೆ ಯಾರೂ ಇರಲಿಲ್ಲ. ಮೊದಮೊದಲು ಹಾಸ್ಟೆಲ್ಲಿನ ಗೆಳೆಯರಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದೆ: ಪಾತ್ರೆ ಅಂಗಡಿಯವರ ದನಿ, ರೈಲಿನಲ್ಲಿ ಕಡಲೆಕಾಯಿ ಮಾರುವವನ ದನಿ. ಎರಡು ನೀಲಿ ಗೆರೆ ಬೀಳುತ್ತಿತ್ತು. ನಗುವ ಮುಖದ ಚಿತ್ರವೊಂದು ಬರುತ್ತಿತ್ತು. ನಗು ಅಂದರೆ ಹಳದಿ ಮುಖವಲ್ಲವಲ್ಲ. ಒಂದು ದಿನ ಅವರಲ್ಲೊಬ್ಬನಿಗೆ ಫೋನೇ ಮಾಡಿದೆ. "ಆಮೇಲೆ ಮಾಡ್ತೀನಿ ಮಗಾ, ಲ್ಯಾಬ್ ಎ.ಸಿ. ರೂಮಲ್ಲಿದೀವಿ, ಮಾತಾಡಂಗಿಲ್ಲ," ಎಂದು ಪಿಸುಗುಟ್ಟಿ ಇಟ್ಟ. ಅವನ ಪಿಸುಮಾತನ್ನು ಜಾಲಿಮರದ ಕೆಳಗೆ ಕೂತು ಅಣಕಿಸಿದೆ. ಬಹಳ ಚೆನ್ನಾಗಿ ಬಂತು. ಹತ್ತಿರದಲ್ಲಿ ಮೇಯುತ್ತಿದ್ದ ಮೇಕೆ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು.

ಆಮೇಲಾಮೇಲೆ ನಾನೊಂದು ವಿಚಿತ್ರ ಗಮನಿಸಿದೆ. ಕೇಳುವವರಿಲ್ಲದಿದ್ದರೆ ದನಿ ಕೆಡುತ್ತದೆ. ಮೇಷ್ಟ್ರನ್ನು ಮಾಡಲು ಹೋದರೆ ವಾರ್ಡನ್ ಬರುತ್ತಿದ್ದರು, ಅವ್ವನನ್ನು ಮಾಡಲು ಹೋದರೆ ಯಾರೂ ಬರುತ್ತಿರಲಿಲ್ಲ. ಅವ್ವ ನಿಜವಾಗಿ ಫೋನ್ ಮಾಡಿ "ಉಂಡ್ಯೇನೋ" ಎಂದರೆ, "ಉಂಡೆ" ಎನ್ನುವ ಒಂದೇ ಮಾತಿಗೆ ಗಂಟಲು ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಬೆಳಗಿನಿಂದ ಅದೇ ಮೊದಲ ಮಾತು.

ಲೈನಿನವರು ನನ್ನನ್ನು ಸೈಂಟಿಸ್ಟು ಎಂದು ಕರೆಯತೊಡಗಿದ್ದರು. ನಾನು ಸಂಜೆ ರೈಲಿಗೆ ಹೋಗುವಾಗ ಅಕ್ಕ ಬಾಗಿಲಲ್ಲಿ ಕೂತು, "ಏನ್ ಸೈಂಟಿಸ್ಟು, ಗಾಳಿ ಇವತ್ತು ಎಷ್ಟ್ ಕೆ.ಜಿ. ಸಿಕ್ತು?" ಎನ್ನುತ್ತಿದ್ದರು. ನಾನು ಒಂದು ನಗೆ ನಕ್ಕು ಮುಂದೆ ಹೋಗುತ್ತಿದ್ದೆ. ಗಂಭೀರವಾಗಿರಬೇಕೆಂದು ತೀರ್ಮಾನಿಸಿದ್ದೆನಲ್ಲ. ಜೀವನದಲ್ಲಿ ಮೊದಲ ಸಲ ಗಂಭೀರನಾದೆ, ಅದೂ ನನಗಿಂತ ಚೆನ್ನಾಗಿ ಕಾಲೆಳೆಯುವ ಮನುಷ್ಯರು ಸಿಕ್ಕ ಊರಿನಲ್ಲಿ.

ತಿಂಗಳು ತುಂಬುವ ಹಿಂದಿನ ದಿನ ಗೋಡೆಗಳ ಪಕ್ಕ ಕಲ್ಲು ಇಟ್ಟುಕೊಂಡು ಹತ್ತಿ ನೋಡಿದೆ. ಹೇಳಿದ ಮಾತಿನಂತೆ ಒಂದನ್ನೂ ಯಾರೂ ಮುಟ್ಟಿರಲಿಲ್ಲ. ಗೋಲಿಗಳ ಮೇಲೆ, ಸಂದಿಯಲ್ಲಿ, ನುಣ್ಣನೆಯ ಬೂದುಬಿಳಿ ಪುಡಿ. ದಿಬ್ಬದ ಹತ್ತಿರದ ಬೋಗುಣಿಯಲ್ಲಿ ಗೋಲಿಯ ಬಣ್ಣವೇ ಕಾಣುತ್ತಿರಲಿಲ್ಲ. ಲೈನಿನ ಕೊನೆಗೆ ಹೋದಂತೆ ತೆಳುವಾಗುತ್ತ ಹೋಗಿತ್ತು. ಕಣ್ಣಿಗೇ ಗೆರೆ ಕಾಣುತ್ತಿತ್ತು. ತೂಕ ಹಾಕುವುದೊಂದು ಬಾಕಿ. ಕಲ್ಲಿನ ಮೇಲೆ ನಿಂತೇ, ಮೇಷ್ಟ್ರ ಲ್ಯಾಬಿನ ಆ ಒಂದು ಜಾಗ ನನ್ನದಾಯಿತು ಅಂದುಕೊಂಡೆ. ಮುಚ್ಚಳದ ಡಬ್ಬಿಗಳು, ನೀರಿನ ಕ್ಯಾನು ಎಲ್ಲ ಬಂಗಾರಪೇಟೆಯ ಕೋಣೆಯಲ್ಲಿದ್ದವು. ಮಾರನೆಯ ದಿನ ತಂದು ತೆಗೆಯುವುದೆಂದು ಯೋಚಿಸಿ, ಮನೆಮನೆಗೆ ಹೋಗಿ ಹೇಳಿ ಬಂದೆ: "ನಾಳೆ ಬೆಳಿಗ್ಗೆ ಬೋಗುಣಿ ವಾಪಸ್ ತಗೊಂಡು ಹೋಗ್ತೀನಿ." ಯಾರದಾದರೂ ಮನೆಗೆ ದಿಢೀರನೆ ಹೋಗಿ "ನಮ್ಮ ಪಾತ್ರೆ ಕೊಡಿ" ಎನ್ನುವುದು ಸಾಲ ಕೇಳಿದ ಹಾಗಿರುತ್ತದೆ. ನಮ್ಮ ಮನೆಯಲ್ಲಿ ಹಾಗೆ ಮಾಡುವುದಿಲ್ಲ.

ಮಾರನೆಯ ಬೆಳಿಗ್ಗೆ ಅಜ್ಜಿಯ ಗೋಡೆಯ ಮೇಲೆ ತಂತಿ ಮಾತ್ರ ಇತ್ತು. ಅಜ್ಜಿ ಒಳಗಿನಿಂದ ಬೋಗುಣಿ ಹಿಡಿದು ಬಂದರು. ಅಂಗಡಿಯಲ್ಲಿ ಕೊಂಡ ದಿನಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಮೇಲೊಂದು ತಟ್ಟೆ ಮುಚ್ಚಿತ್ತು. ತೆಗೆದರೆ ಒಳಗೆ ಚಿತ್ರಾನ್ನ, ಇನ್ನೂ ಬಿಸಿ.

"ಅಜ್ಜೀ... ಧೂಳು?"

"ಒಂದ್ ಚೂರೂ ಇಲ್ಲ ಕಣ್ಣು," ಎಂದರು ಅಜ್ಜಿ, ನನ್ನ ಸಂಶಯ ನಿವಾರಿಸುವ ಹಾಗೆ. "ಎರಡು ಸಲ ಉಜ್ಜಿದೀನಿ."

ಗೋಲಿಗಳನ್ನೂ ಸೋಪು ಹಾಕಿ ತೊಳೆದು, ಒರೆಸಿ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿಗೆ ಗಂಟು ಕಟ್ಟಿ ಕೊಟ್ಟರು.

ನಾನು ಪಕ್ಕದ ಮನೆಗೆ ಓಡಿದೆ. ಅಕ್ಕನ ಬೋಗುಣಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ. ಅದರಾಚೆ ಮನೆಯದರಲ್ಲಿ ಮುರುಕು. ಅದರಾಚೆಯದರಲ್ಲಿ ಕಡಲೆಬೀಜದ ಉಂಡೆ. ದಿಬ್ಬದ ಬುಡದ ಮನೆಯವರು, ಗೋಲಿಯ ಬಣ್ಣ ಕಾಣದಷ್ಟು ಧೂಳಿದ್ದವರು, ಪೊಂಗಲ್ ಮಾಡಿ ತುಪ್ಪ ಸುರಿದಿದ್ದರು. ಎಲ್ಲರೂ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ಕೊಡುವವರು ನೋಡುವ ರೀತಿ.

ಮತ್ತೆ ಅಕ್ಕನ ಬಾಗಿಲಿಗೇ ಬಂದೆ. "ಅಕ್ಕ, ನಂಗೆ ಬೇಕಾಗಿದ್ದೇ ಆ ಧೂಳು. ಅದನ್ನೇ ಅಳೆಯೋಕೆ ಅಂತ ಹೇಳಿದ್ದೆನಲ್ಲ."

"ಅಳೀಲಿಲ್ವಾ? ನಿನ್ನೆ ಕಲ್ ಹತ್ಕೊಂಡು ಒಂದೊಂದ್ನೂ ಇಣುಕಿ ಇಣುಕಿ ನೋಡ್ತಿದ್ದೆ. ಅಳೆದಾಯ್ತು ಅಂದ್ಕೊಂಡ್ವಿ."

"ಅದು ಬರೀ ನೋಡಿದ್ದು. ತೂಕ ಹಾಕ್ಬೇಕಿತ್ತು."

"ವಾಪಸ್ ಕೊಡ್ರಿ ಅಂದ್ಯಲ್ಲ. ಪಾತ್ರೆ ವಾಪಸ್ ಕೊಡುವಾಗ ತೊಳೀದೆ ಕೊಡ್ತಾರಾ? ಖಾಲಿ ಕೊಡ್ತಾರಾ? ನಿಮ್ಮೂರಲ್ಲಿ ಕೊಡ್ತೀರಾ?"

ಕೊಡುವುದಿಲ್ಲ. ನಮ್ಮವ್ವ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿಯೇ ಕೊಡುತ್ತಾಳೆ.

"ಧೂಳ್ ತುಂಬ್ಕೊಂಡಿರೋದ್ನ ಅಂಗೇ ಕೊಟ್ಟಿದ್ರೆ," ಅಕ್ಕನ ದನಿ ಈಗ ತಮಾಷೆಯದಾಗಿರಲಿಲ್ಲ, "ನಾಳೆ ನಿಮ್ ಮೇಷ್ಟ್ರು ಏನಂತ ಬರೀತಾರೆ? ಊರಿಗಾಂ ಹೆಂಗಸ್ರು ಮನೆ ಇಟ್ಕೊಳ್ಳೋದು ಇಂಗೆ ಅಂತ ಬರೀತಾರಾ ಇಲ್ವಾ? ಬೆಳಗ್ಗಿಂದ ಸಂಜೆವರ್ಗೂ ಗುಡಿಸಿ ಸಾಯ್ತೀವಿ. ನಮ್ಮನೆ ಹೆಸರಲ್ಲಿ ಕೊಳಕನ್ನ ಬೆಂಗಳೂರಿಗೆ ಕಳಿಸ್ಲಾ?"

"ನಿಮ್ಮನೆ ಕೊಳಕು ಅಂತ ಅಲ್ಲಕ್ಕ. ಗಾಳಿ ತರೋದು."

"ಅದನ್ನ ಅವತ್ತೇ ಹೇಳ್ಬೇಕಿತ್ತು." ನನ್ನ ಮುಖ ಬಹಳ ಹಾಳಾಗಿತ್ತೆಂದು ಕಾಣುತ್ತದೆ, ಸಮಾಧಾನ ಮಾಡಲು ಹೊರಟರು. "ಓಗ್ಲಿ ಬಿಡು. ನಾನ್ ಹೇಳ್ತೀನಿ, ಬರ್ಕೊ. ಧೂಳು: ಜಾಸ್ತಿ. ಬರ್ಕೊಳ್ಳಾ! ಅಷ್ಟೇ ತಾನೆ ಬೇಕಾಗಿದ್ದು?"

ಲೈನಿನ ಮಧ್ಯದಲ್ಲಿ ಒಂದು ಮನೆಗೆ ಹಿಂದಿನ ದಿನದಂತೆಯೇ ಬೀಗ ಹಾಕಿತ್ತು. ಮಗಳ ಹೆರಿಗೆಗೆಂದು ಆ ಮನೆಯವರು ಎಲ್ಲೋ ಹೋಗಿದ್ದಾರೆಂದು ಅಜ್ಜಿ ಹೇಳಿದರು. ಅವರ ಗೋಡೆಯ ಮೇಲೆ ನನ್ನ ಏಳನೆಯ ನಂಬರಿನ ಬೋಗುಣಿ ಹಾಗೆಯೇ ಕೂತಿತ್ತು, ಧೂಳು ಸಮೇತ. ತೊಳೆಯಲು ಅಲ್ಲಿ ಯಾರೂ ಇರಲಿಲ್ಲ. ಅದನ್ನು ಇಳಿಸಿ ಡಬ್ಬಿಗೆ ಹಾಕಿಕೊಂಡು, ಮನೆಯವರು ಬಂದರೆ ತಿಳಿಸಿ ಎಂದು ಅಜ್ಜಿಗೆ ನನ್ನ ಫೋನ್ ನಂಬರ್ ಕೊಟ್ಟೆ.

ರೈಲಿನಲ್ಲಿ ಉಳಿದ ಬೋಗುಣಿಗಳನ್ನು ಚೆಲ್ಲದಂತೆ ಎರಡು ಸೀಟಿನ ಮೇಲೆ ಹರಡಿಕೊಂಡು ಕೂತೆ. ಮಧ್ಯಾಹ್ನ ಕೋಣೆಯಲ್ಲಿ ಅವನ್ನೆಲ್ಲ ನೆಲದ ಮೇಲೆ ಸಾಲಾಗಿಟ್ಟೆ. ಪಂಕ್ತಿ ಊಟಕ್ಕೆ ಎಲೆ ಹಾಕಿದ ಹಾಗಿತ್ತು. ತಿನ್ನುವವನು ನಾನೊಬ್ಬನೇ. ಚಿತ್ರಾನ್ನದ ಮುಂದೆ ಕೂತು ಅಜ್ಜಿಯ ದನಿಯಲ್ಲಿ "ಸಾಪ್ಡು ಕಣ್ಣು", ಉಣ್ಣು ಮಗು, ಎಂದುಕೊಂಡೆ. ತಿಂಗಳಿಂದ ಒಂದೂ ಸರಿಯಾಗಿ ಬಾರದಿದ್ದ ದನಿ ಅವತ್ತು ಎಷ್ಟು ಸರಿಯಾಗಿ ಬಂತೆಂದರೆ, ಬೆಚ್ಚಿ ಬಾಗಿಲ ಕಡೆ ನೋಡಿದೆ. ಆಮೇಲೆ ಯಾರ ದನಿಯನ್ನೂ ಮಾಡದೆ ಉಂಡೆ. ಪೊಂಗಲ್‌ನಲ್ಲಿ ಮೆಣಸು ಜಾಸ್ತಿಯಿತ್ತು, ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ಯಾರೂ ನಂಬುವುದಿಲ್ಲ. ಬೇಡ ಬಿಡಿ.

ಅವತ್ತು ಸಂಜೆ ಹನ್ನೊಂದು ಅಂಕಿ ಬರೆದೆ. ಧೂಳನ್ನು ನನ್ನ ಕಣ್ಣಾರೆ ನೋಡಿದ್ದೆ. ಏಳನೆಯ ಬೋಗುಣಿ ಕೈಯಲ್ಲಿತ್ತು. ಅದಕ್ಕಿಂತ ಇದು ಇಷ್ಟು ಹೆಚ್ಚು, ಇದು ಇಷ್ಟು ಕಮ್ಮಿ ಎಂದು ಅಂದಾಜು ಮಾಡುವುದು ಎಷ್ಟರ ಕೆಲಸ? ಅಣಕಿಸುವವನಿಗೆ ಅಂಕಿ ಅಣಕಿಸುವುದೂ ಬರುತ್ತದೆ. ಗೆರೆ ಎಳೆದು ನೋಡಿದರೆ ಅದ್ಭುತವಾಗಿತ್ತು. ನನ್ನ ಅಣಕಿಗೆ ಮೊದಲಿನಿಂದಲೂ ಇರುವ ಕುಂದು ಅದೇ, ಅಸಲಿಗಿಂತ ಒಂದು ಕೂದಲು ಜಾಸ್ತಿ ಚೆನ್ನಾಗಿರುತ್ತದೆ. ಆ ಗೆರೆಯಲ್ಲಿ ಮೇಷ್ಟ್ರ ಮೂಗಿನ ಗಾಳಿ ಕೇಳಿಸಿತು. ಕಾಗದ ಹರಿದು ಹಾಕಿದೆ.

ಜೂನಿನಲ್ಲಿ ಡಿಪಾರ್ಟ್‌ಮೆಂಟಿನ ಸೆಮಿನಾರ್ ಇತ್ತು. ನನ್ನ ಸಹಪಾಠಿ ಕೆರೆಯ ನೀರಿನ ಪಟ್ಟಿ ತೋರಿಸಿ, ಗೆರೆ ತೋರಿಸಿ, ಧನ್ಯವಾದ ಹೇಳಿ ಕೂತ. ನಾನು ಎದ್ದೆ. ಪರದೆಯ ಮೇಲೆ ಹನ್ನೆರಡು ಬೋಗುಣಿಗಳ ಪಟ್ಟಿಯಲ್ಲಿ ಒಂದರ ಎದುರು ತೂಕ, ಉಳಿದವುಗಳ ಎದುರು "ತೊಳೆಯಲಾಗಿದೆ". ಹಿಂದಿನ ಬೆಂಚಿನಿಂದ ಆಗಲೇ ಕಿಸಕ್ ಎಂದಿತು. ನಡೆದದ್ದನ್ನು ನಡೆದ ಹಾಗೆ ಹೇಳತೊಡಗಿದೆ. ಅಜ್ಜಿಯ ಮಾತು ಬಂದಾಗ, ಬೇಕೆಂದು ಮಾಡಲಿಲ್ಲ, ದನಿ ತಾನಾಗಿ ಬಂದುಬಿಟ್ಟಿತು: "ಒಂದ್ ಚೂರೂ ಇಲ್ಲ ಕಣ್ಣು. ಎರಡು ಸಲ ಉಜ್ಜಿದೀನಿ."

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಹುಡುಗರು ಬೆಂಚು ಬಡಿದರು, ಒಬ್ಬಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಮೇಷ್ಟ್ರ ಮೂಗಿನಿಂದ ಸ್ಸ್ ಎಂದು ಬಂದು, ಅವರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಿಂಗಳಿಡೀ ಜಾಲಿಮರದ ಕೆಳಗೆ ಕೂತು ನಾನು ಬಯಸಿದ್ದು ಇದನ್ನೇ. ನಗು ಇಳಿಯಲೆಂದು ಕಾದು, "ಸರ್, ಇದು ನಿಜ," ಎಂದೆ. ಮತ್ತೆ ನಕ್ಕರು. "ಆ ಅಜ್ಜಿ ತಮಾಷೆ ಮಾಡಲಿಲ್ಲ," ಎಂದೆ. ಅದಕ್ಕೂ ನಕ್ಕರು. ನಗದೆ ಕೂತಿದ್ದವನು ಆ ಸಹಪಾಠಿ ಒಬ್ಬನೇ. ಅವನು ಯಾವತ್ತೂ ನಗುವುದಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ.

ಜಾಗ ಅವನಿಗೆ ಹೋಯಿತು. ನ್ಯಾಯವಾಗಿಯೇ ಹೋಯಿತು. ಕಾರಿಡಾರಿನಲ್ಲಿ ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು, ಪ್ರೀತಿಯಿಂದಲೇ ಕೇಳಿದರು: "ಚೆನ್ನಾಗಿ ಕಟ್ಟಿದ್ದೀಯ ಕಣಯ್ಯ ಕಥೆ. ಈಗ ಹೇಳು, ನಿಜವಾಗಿ ಏನಾಯ್ತು? ರೈಲಲ್ಲಿ ಚೆಲ್ಲಿಬಿಟ್ಯಾ?"

"ಇಲ್ಲ ಸರ್. ತೊಳೆದರು."

"ಸರಿ, ಇರಲಿ ಬಿಡು," ಎಂದು ಬೆನ್ನು ತಟ್ಟಿ ಹೋದರು.

ಕೆಲವು ದಿನಗಳ ಮೇಲೆ, ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ವಯಸ್ಸಾದ ಗಂಡಸಿನ ದನಿ.

"ಸೈಂಟಿಸ್ಟಾ? ನಾನು ಊರಿಗಾಂ ಲೈನಿಂದ. ಬೀಗ ಆಕಿತ್ತಲ್ಲ, ಆ ಮನೆ. ನಮ್ ಗೋಡೆ ಮೇಲಿನ ಬೋಗುಣಿ ತೊಳೀದೇ ತಗೊಂಡೋದ್ಯಂತೆ?"

"ಹೌದು ಸರ್. ನೀವು ಇರಲಿಲ್ಲ, ಅದಕ್ಕೆ..."

"ನಮ್ ಮನೆಯವ್ಳು ಬಂದಾಗಿಂದ ಅದೇ ಒಂದು. ಎಲ್ಲಾರೂ ಚಿತ್ರಾನ್ನ, ಪೊಂಗಲ್ ಕೊಟ್ಟವ್ರೆ, ನಮ್ಮನೇದೊಂದೇ ಧೂಳು ಓಯ್ತು, ಮಾನ ಓಯ್ತು ಅಂತ."

"ಕ್ಷಮಿಸಿ ಸರ್."

"ಅದಿರ್ಲಿ. ಎಷ್ಟಿತ್ತು?"

ಆ ಪ್ರಶ್ನೆಯನ್ನು ಅಷ್ಟು ದಿನದಲ್ಲಿ ಒಬ್ಬರೂ ಕೇಳಿರಲಿಲ್ಲ. ಗ್ರಾಂ ಲೆಕ್ಕದಲ್ಲಿ ಹೇಳಿದೆ.

"ನಂಗೆ ಅರ್ಥ ಆಗಂಗೆ ಹೇಳಪ್ಪ."

"ಟೀ ಚಮಚ ಇದೆಯಲ್ಲ ಸರ್, ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಆ ಒಂದು ಬೋಗುಣಿಯೊಳಗೆ."

"ಒಂದ್ ಬೋಗುಣಿ ಅಗಲಕ್ಕೆ ಅಷ್ಟು." ಅವರು ಯೋಚಿಸುತ್ತಿರುವುದು ಉಸಿರಿನಲ್ಲಿ ಕೇಳುತ್ತಿತ್ತು. "ನಮ್ ಮಾಡಿನ್ ಮೇಲೆ ಅಂಥ ಬೋಗುಣಿ ಎಷ್ಟು ಕೂರ್ತಾವೆ... ಅಂಗಳ ಒಂದು ಐತೆ... ಸರಿ. ಅಂದ್ರೆ ಇದು ಜಾಸ್ತಿಯಾ, ಕಮ್ಮಿಯಾ?"

"ಅದು..."

"ಮಗಳು ಬಾಣಂತಿ. ಆಸ್ಪತ್ರೆ ಹತ್ರ ಆಗ್ಲಿ ಅಂತ ಅತ್ತೆ ಮನೇಲೇ ಬಿಟ್ಟು ಬಂದಿದೀವಿ. ಮುಂದಿನ್ ತಿಂಗಳು ಮಗೂನ ಇಲ್ಲಿಗೆ ಕರ್ಕೊಂಡ್ ಬರ್ಬೇಕು. ಅದಕ್ಕೇ ಕೇಳ್ತಿರೋದು. ಕರ್ಕೊಂಡ್ ಬರ್ಲಾ, ಬೇಡ್ವಾ?"

ಮೇಷ್ಟ್ರಾಗಿದ್ದರೆ ಒಂದು ಉತ್ತರ ಕೊಡುತ್ತಿದ್ದರು, ಅಕ್ಕನಾಗಿದ್ದರೆ ಇನ್ನೊಂದು.

"ಗೊತ್ತಿಲ್ಲ ಸರ್," ಎಂದೆ. "ಒಂದೇ ಬೋಗುಣಿಯಿಂದ ಜಾಸ್ತಿ ಕಮ್ಮಿ ಹೇಳೋಕಾಗಲ್ಲ. ಹೋಲಿಸೋಕೆ ಬೇರೆಯವೂ ಬೇಕಿತ್ತು. ಪುಡಿಯಲ್ಲಿ ಏನೇನಿದೆ ಅಂತಾನೂ ನೋಡಬೇಕು. ನೋಡಿಲ್ಲ."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

"ಆಯ್ತು. ಗೊತ್ತಾದಾಗ ಹೇಳು," ಎಂದರು. "ಇದೇ ನಂಬ್ರಿಗೆ ಮಾಡು. ನಾನಿಲ್ದಿದ್ರೆ ನಮ್ಮನೆಯವ್ಳು ಎತ್ತತಾಳೆ, ಅವ್ಳಿಗೇ ಹೇಳು."

ಹೇಳುತ್ತೇನೆ ಎಂದೆ. ಫೋನ್ ಇಟ್ಟರು. ಹೊರಗೆ ಮಳೆ ಹಿಡಿದಿತ್ತು, ಬಂಗಾರಪೇಟೆಯ ಕಡೆಯೂ ಮೂರು ದಿನದಿಂದ ಬೀಳುತ್ತಿದೆಯೆಂದು ಪೇಪರಿನಲ್ಲಿ ನೋಡಿದ್ದೆ. ನೆನೆದ ದಿಬ್ಬದಿಂದ ಇನ್ನು ಬೇಸಿಗೆಯವರೆಗೆ ಏನೂ ಏಳುವುದಿಲ್ಲ, ಯಾವ ಬೋಗುಣಿ ಇಟ್ಟರೂ ಅಳೆಯಲು ಏನೂ ಬೀಳುವುದಿಲ್ಲ. ಮಗು ಬರುವುದು ಮುಂದಿನ ತಿಂಗಳು.